ಸೀಟಿಗಿಂತ ಮೊದಲೇ ತಿರುಗಿದ ಪಾರಿವಾಳಗಳು

ನನಗೆ ಆರು ವರ್ಷವಿದ್ದಾಗ ಬಂದ ಜ್ವರವೊಂದು ಹೋಗುವಾಗ ನನ್ನ ಕಿವಿಗಳನ್ನೂ ಕರೆದುಕೊಂಡು ಹೋಯಿತು. ಬಲಗಿವಿಯಲ್ಲಿ ಚೂರುಪಾರು ಉಳಿಯಿತು. ಪಕ್ಕದಲ್ಲಿ ಡಬ್ಬ ಬಿದ್ದರೆ ಗೊತ್ತಾಗುತ್ತಿತ್ತು, ಅವ್ವ ಕೂಗಿದರೆ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಮಾತು ಚೆನ್ನಾಗಿ ಬಂದುಬಿಟ್ಟಿದ್ದರಿಂದ ಅದು ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ. ಅದೂ ಹೋಗಿದ್ದರೆ ಓಣಿಯವರಿಗೆ ನೆಮ್ಮದಿ ಇರುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು. ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ನಾನಾಗಿಯೇ ಕಲಿತೆ. ಆದ್ದರಿಂದ ಇಲ್ಲಿ ಯಾರೋ ಏನೋ ಹೇಳಿದರು ಎಂದು ಬರೆದಲ್ಲೆಲ್ಲ, ಅದು ನಾನು ಕಂಡ ಮಾತು ಎಂದು ತಿಳಿಯಬೇಕು.

ನಾವು ವಿಜಾಪುರದ ಕಡೆಯವರು. ಎಪ್ಪತ್ತರ ದಶಕದ ಆರಂಭದ ಆ ದಿನಗಳಲ್ಲಿ ಧಾರಾವಿಯ ಒಂದು ಚಾಳಿನಲ್ಲಿದ್ದೆವು. ಅಪ್ಪ ಗೌಂಡಿ ಕೆಲಸಕ್ಕೆ ಗೋರೆಗಾಂವ್ ಕಡೆ ಹೋಗುತ್ತಿದ್ದ. ಅವ್ವ ಹತ್ತಿರದ ಶೆಡ್ಡಿನಲ್ಲಿ ಚಿಂದಿ ಬಟ್ಟೆ ಆರಿಸುತ್ತಿದ್ದಳು. ನಾನು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಕೊನೆಯ ಬೆಂಚು ನನ್ನದು. ಮುಂದೆ ಕೂತವರ ಬೆನ್ನುಗಳ ನಡುವಿನ ಸಂದಿಯಲ್ಲಿ ಬೋರ್ಡು ಕಂಡಷ್ಟು ವಿದ್ಯೆ.

ಆ ವರ್ಷ ದೀಪಾವಳಿ ರಜೆ ಮುಗಿದ ಕೂಡಲೇ ಕವಾಯತು ಶುರುವಾಯಿತು. ಜನವರಿಯಲ್ಲಿ ಧ್ವಜ ಏರಿಸುವ ದಿನ ದೊಡ್ಡ ಸಾಹೇಬರು ಬರುವವರಿದ್ದರು. ಸಾಲಾಗಿ ನಡೆಯುತ್ತಲೇ, ಟೀಚರು ಒಂದು ಸೀಟಿ ಊದಿದರೆ ಬಲಕ್ಕೆ, ಎರಡು ಊದಿದರೆ ಎಡಕ್ಕೆ, ಉದ್ದಕ್ಕೆ ಊದಿದರೆ ಹಿಂದಕ್ಕೆ ತಿರುಗಬೇಕು. ನನಗೆ ಒಂದೂ ಇಲ್ಲ, ಎರಡೂ ಇಲ್ಲ, ಉದ್ದವೂ ಇಲ್ಲ. ಟೀಚರ ಕೆನ್ನೆ ಉಬ್ಬಿದ್ದು ಕಾಣುತ್ತಿತ್ತು, ಅಷ್ಟೇ. ನನ್ನ ತಪ್ಪು ಯಾರಿಗೂ ಕಾಣದಿರಲಿ ಎಂದು ಅವರು ನನ್ನನ್ನು ಕೊನೆಯ ಸಾಲಿನ ಕೊನೆಗೆ ನಿಲ್ಲಿಸಿದರು. ಎಲ್ಲರೂ ಹಿಂದಕ್ಕೆ ತಿರುಗಿದ ಕೂಡಲೇ ಕೊನೆಯವಳು ಮೊದಲನೆಯವಳಾಗುತ್ತಾಳೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮುಂದಿನ ಸೀಟಿಗೆ ಇಡೀ ಶಾಲೆ ಬಲಕ್ಕೆ ತಿರುಗಿತು. ನಾನು ಎದೆ ಉಬ್ಬಿಸಿ, ಕೈ ಬೀಸಿ, ಒಬ್ಬಳೇ ನೆಟ್ಟಗೆ ನಡೆದು ನೀರಿನ ಡ್ರಮ್ಮಿಗೆ ಮುಖಾಮುಖಿಯಾದೆ.

ಎಲ್ಲರೂ ನಕ್ಕರು. ನಗು ಕೇಳಿಸದಿದ್ದರೂ ಕಾಣಿಸುತ್ತದಲ್ಲ.

ಆ ಸಂಜೆ ಟೀಚರು ಮನೆಗೇ ಬಂದರು. ಅವರು ಉಡುಪಿಯ ಕಡೆಯವರು, ಮಾತು ಮೆತ್ತಗೆ. "ಸಾಹೇಬರ ಎದುರು ಹೀಗಾದ್ರೆ ನಾನೆಂತ ಮಾಡುದು? ಕಿವಿ ಕೇಳದ ಮಗು ಈ ಶಾಲೆಯಲ್ಲಿ ಯಾಕೆ ಅಂತ ಕೇಳಿಯೇ ಕೇಳ್ತಾರೆ. ಹೆಸರು ತೆಗೀಲಿಕ್ಕೆ ಹೇಳಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದರು.

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ತಗೀರಿ ಬಾಯಾರ. ಶೆಡ್ಡಿನಾಗ ಚಿಂದಿ ಆರಸಾಕ ಕಿವಿ ಬೇಕಾಗೂದಿಲ್ಲ" ಎಂದಳು.

ಅವ್ವನಿಗೆ ಸಿಟ್ಟು ಬಂದಾಗ ತುಟಿ ಬಹಳ ಸ್ಪಷ್ಟವಾಗುತ್ತಿತ್ತು. ಆ ಒಂದು ಸಾಲನ್ನು ನಾನು ತಪ್ಪಾಗಿ ಓದಿದ್ದೇನೆ ಎಂದುಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ನನಗೆ ಶಾಲೆ ಬೇಕಾಗಿತ್ತು. ಕೊನೆಯ ಬೆಂಚಾದರೂ ಸರಿ, ಬೇಕೇ ಬೇಕಾಗಿತ್ತು.

ಮರುದಿನ ಬೆಳಿಗ್ಗೆ ಮುಖ ಊದಿಸಿಕೊಂಡು ಚಾಳಿನ ಮಾಳಿಗೆ ಹತ್ತಿದೆ. ಅಲ್ಲಿ ಪಾರಿವಾಳದ ಕಾಕಾ ಇದ್ದ. ಅಪ್ಪನ ಜೊತೆಯ ಗೌಂಡಿ, ನಮ್ಮೂರ ಕಡೆಯವನೇ. ತಗಡಿನ ಗೂಡು ಕಟ್ಟಿ ಮೂವತ್ತು ಮೂವತ್ತೈದು ಪಾರಿವಾಳ ಸಾಕಿದ್ದ. ಕೆಲಸಕ್ಕೆ ಹೋಗುವ ಮೊದಲು ಅವನ್ನು ಹಾರಿಸುತ್ತಿದ್ದ. ಬಿದಿರು ಕೋಲಿನ ತುದಿಗೆ ಕಟ್ಟಿದ ಕರಿ ಬಟ್ಟೆ ಬೀಸಿ, ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆದರೆ, ಇಡೀ ಹಿಂಡು ಗಕ್ಕನೆ ತಿರುಗುತ್ತಿತ್ತು. ಅವನ ಸೀಟಿಗೆ ಹಕ್ಕಿ ಕುಣಿಯುತ್ತದೆ ಎಂದು ಓಣಿಯಲ್ಲೆಲ್ಲ ಹೆಸರು. ಅವನೂ ಹಾಗೇ ನಂಬಿದ್ದ, ಮೀಸೆಯ ಮೇಲೆ ಕೈ ಬೇರೆ.

ಸೀಟಿಯ ಮೇಲೆ ನನಗೆ ಮೊದಲೇ ಉರಿ. ಅದಕ್ಕೇ ಇರಬೇಕು, ಆ ದಿನ ಕಣ್ಣು ಮಿಟುಕಿಸದೆ ನೋಡಿದೆ. ಉಳಿದವರಿಗೆ ಸೀಟಿಯೂ ತಿರುವೂ ಒಟ್ಟಿಗೆ ಬರುತ್ತಿದ್ದವು. ನನಗೆ ಬಂದದ್ದು ಹಕ್ಕಿಗಳೂ ಕಾಕಾನ ಬೆರಳುಗಳೂ ಮಾತ್ರ. ಹಕ್ಕಿ ತಿರುಗಲು ಶುರು ಮಾಡಿದ ಮೇಲೆ ಅವನ ಬೆರಳು ಬಾಯಿಗೆ ಹೋಗುತ್ತಿತ್ತು.

"ಕಾಕಾ, ನೀ ಸೀಟಿ ಹೊಡಿಯೂಕ್ಕಿಂತ ಮೊದಲ ತಿರಗತಾವ" ಎಂದೆ.

ಕಾಕಾನ ಬಾಯಲ್ಲಿ ಯಾವಾಗಲೂ ತಂಬಾಕು, ಅವನ ಮಾತು ಓದುವುದು ಬಲು ಕಷ್ಟ. ಅವತ್ತು ಮಾತ್ರ ಉಗುಳಿ ಬಂದು ಹೇಳಿದ: "ಕಿವಿ ಕೇಳದಾಕಿ ನನಗ ಸೀಟಿ ಪಾಠ ಹೇಳತಿ ಏನು?"

"ಹಂಗಾರ ನಾಳೆ ಹೊಡೀಬ್ಯಾಡ. ನೋಡೂಣು."

ಮರುದಿನ ಅವನು ಹೊಡೆಯಲಿಲ್ಲ. ಕೋಲನ್ನೂ ಕೆಳಗಿಟ್ಟು ಕೈ ಕಟ್ಟಿ ನಿಂತ. ಹಿಂಡು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ನೀರಿನ ಟಾಕಿಯ ಮೇಲೆ ಒಂದು ಸುತ್ತು ಹಾಕಿ ಮತ್ತೆ ಬಂತು. ಪಾಪ, ಇಪ್ಪತ್ತು ವರ್ಷದ ಸೀಟಿ ಅವನದು. ಮೂರು ದಿನ ನನ್ನೊಡನೆ ಮಾತು ಬಿಟ್ಟ. ನಾಲ್ಕನೆಯ ದಿನ ತಾನೇ ಬಂದು, ತಂಬಾಕು ಉಗುಳಿ, "ಹಂಗಾರ ಇವಕ್ಕ ಹೇಳೋರು ಯಾರು? ಒಂದು ಮುಂದಾಳು ಇರಬೇಕಲ್ಲ?" ಎಂದ. ಅಂದಿನಿಂದ ನನ್ನೊಡನೆ ಮಾತಾಡುವ ಮೊದಲು ತಂಬಾಕು ಉಗುಳುವುದು ಅವನ ಪದ್ಧತಿಯಾಯಿತು. ನನಗೆ ಅಷ್ಟು ಮರ್ಯಾದೆ ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ.

ಮುಂದಾಳನ್ನು ಹುಡುಕಲು ನಾವು ಒಂದು ಉಪಾಯ ಮಾಡಿದೆವು. ಎಲ್ಲಕ್ಕಿಂತ ಮುಂದೆ ಹಾರುತ್ತಿದ್ದ ಬಿಳಿ ಗಂಡಿನ ಬಾಲಕ್ಕೆ ಹೋಳಿಯಲ್ಲಿ ಉಳಿದಿದ್ದ ಗುಲಾಬಿ ಬಣ್ಣ ಹಚ್ಚಿ ಬಿಟ್ಟೆವು. ಅದು ಮುಂದಿತ್ತು. ಹಿಂಡು ತಿರುಗಿತು, ಅದು ಅಂಚಿಗೆ ಬಂತು. ಮತ್ತೆ ತಿರುಗಿತು, ಎಲ್ಲಕ್ಕಿಂತ ಹಿಂದೆ ಉಳಿಯಿತು. ಮುಂದಾಳು ಎಂಬವನೇ ಇರಲಿಲ್ಲ. ಒಮ್ಮೆ ಗಿಡುಗ ಬಂದಾಗ ಇನ್ನೂ ಚೆನ್ನಾಗಿ ಕಂಡಿತು. ಗಿಡುಗದ ಹತ್ತಿರವಿದ್ದ ಒಂದೆರಡು ಹಕ್ಕಿ ಮೊದಲು ವಾಲಿದವು, ಅವುಗಳ ಪಕ್ಕದವು ವಾಲಿದವು, ಅವುಗಳ ಪಕ್ಕದವು. ಒಣಹಾಕಿದ ಸೀರೆಯ ಒಂದು ತುದಿ ಜಗ್ಗಿದರೆ ಅಲೆ ಇನ್ನೊಂದು ತುದಿಗೆ ಹೋಗುತ್ತದಲ್ಲ, ಹಾಗೆ. ದೂರದಲ್ಲಿದ್ದವು ಗಿಡುಗವನ್ನು ನೋಡಿಯೇ ಇರಲಾರವು. ಪಕ್ಕದ ರೆಕ್ಕೆಯನ್ನು ನೋಡಿದ್ದವು, ಅಷ್ಟೇ ಸಾಕಾಗಿತ್ತು.

"ಆದ್ರ ಗಿಡುಗ ಇಲ್ದಾಗ? ಮೊದಲ ತಿರಗೋದು ಯಾವುದು?" ಎಂದು ಕಾಕಾ ಕೇಳಿದ. ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಇಬ್ಬರೂ ಕುತ್ತಿಗೆ ನೋಯುವವರೆಗೆ ನೋಡಿದೆವು.

ಆ ವಾರ ಕಾಕಾ ಒಂದು ಹೊಸ ಹಕ್ಕಿ ತಂದ. ರೆಕ್ಕೆಗೆ ಕಟ್ಟಿದ್ದ ದಾರ ಬಿಚ್ಚಿ, ಅದನ್ನು ಒಂಟಿಯಾಗಿ ಬಿಡದೆ, ಹಳೆಯ ಹಕ್ಕಿಗಳ ಗುಂಪಿನ ನಟ್ಟನಡುವೆ ಇಟ್ಟು ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿದ. ಯಾಕೆ ಎಂದು ಕೇಳಿದೆ. "ಅಂಚಿಗೆ ಬಿಟ್ರ ಹೊಸಾದು ತಪ್ಪಿಸಿಕೊಂಡು ಹೊಕ್ಕೈತಿ. ನಡುವ ಬಿಟ್ರ ನಾಕೂ ಕಡೆ ನೋಡಾಕ ಹಕ್ಕಿ ಇರತಾವಲ್ಲ" ಎಂದ. ಪಾರಿವಾಳ ಸಾಕುವವರೆಲ್ಲ ಹೀಗೇ ಮಾಡುತ್ತಾರಂತೆ, ಅದರಲ್ಲಿ ವಿಶೇಷವೇನೂ ಇಲ್ಲವಂತೆ.

ನಾನು ಮಾಳಿಗೆಯಿಂದ ಇಳಿದವಳು ನಿಲ್ಲದೆ ಶಾಲೆಗೆ ಓಡಿದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ, ಪಾಟಿಚೀಲ ಮನೆಯಲ್ಲೇ ಇತ್ತು. ಟೀಚರು ಬಾಗಿಲ ಬೀಗ ತೆಗೆಯುತ್ತಿದ್ದರು. "ನನ್ನ ಮೂಲ್ಯಾಗ ನಿಂದರಸಬ್ಯಾಡ್ರಿ, ನಡುವ ನಿಂದರಸ್ರಿ" ಎಂದೆ. ಅವರು ಬೆಚ್ಚಿ ನೋಡಿದರು. ತಪ್ಪು ಮಾಡುವವಳನ್ನು ನಡುವೆ ನಿಲ್ಲಿಸುವುದುಂಟೇ? ಪಾರಿವಾಳದ ಕತೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಗುಲಾಬಿ ಬಾಲದ ಭಾಗ ಬಂದಾಗ ಅವರಿಗೆ ನಗು ಬಂತು. ನಕ್ಕು ಮುಗಿದ ಮೇಲೆ, "ಮೂಲೆಯಲ್ಲಿಟ್ರೆ ನಿಂಗೆ ಒಳ್ಳೇದು ಅಂತ ಮಾಡಿದ್ದು ಮಾರಾಯ್ತಿ. ನಂಗೆ ಗೊತ್ತಾಗ್ಲೇ ಇಲ್ಲ" ಎಂದರು. ದೊಡ್ಡವರು ಮಕ್ಕಳ ಎದುರು ಹೀಗೆ ಹೇಳುವುದನ್ನು ನಾನು ಆಮೇಲೂ ಹೆಚ್ಚು ಕಂಡಿಲ್ಲ. ಆ ಒಂದು ಮಾತಿಗೆ ಇವತ್ತಿಗೂ ಅವರಿಗೆ ಕೈ ಮುಗಿಯುತ್ತೇನೆ.

ಅಂದಿನಿಂದ ನಾನು ಮೂರನೆಯ ಸಾಲಿನ ನಡುವೆ. ಎಡಕ್ಕೆ ಕೆಂಪು ರಿಬ್ಬನ್ನಿನ ಹುಡುಗಿ. ಅವಳಪ್ಪ ಚರ್ಮದ ಕಾರ್ಖಾನೆಯಲ್ಲಿದ್ದ. ಬಲಕ್ಕೆ ಒಬ್ಬಳು, ಮುಂದೆ ಒಬ್ಬಳು. ತಿರುಗುವ ಮೊದಲು ಹೆಗಲು ಚೂರು ಇಳಿಯುತ್ತದೆ, ಹಿಮ್ಮಡಿ ಚೂರು ಏಳುತ್ತದೆ. ತಿರುಗುವವರಿಗೇ ಅದು ಗೊತ್ತಿರುವುದಿಲ್ಲ. ನಾನು ಕಣ್ಣಂಚಿನಲ್ಲಿ ಮೂವರನ್ನೂ ಇಟ್ಟುಕೊಂಡೆ. ಇಬ್ಬರು ವಾಲಿದರೆ ನಾನೂ ವಾಲುತ್ತಿದ್ದೆ. ಮೊದಮೊದಲು ಅರ್ಧ ಹೆಜ್ಜೆ ಹಿಂದೆ ಬೀಳುತ್ತಿದ್ದೆ, ಆಮೇಲೆ ಅದೂ ಹೋಯಿತು.

ಧ್ವಜದ ದಿನ ಸಾಹೇಬರು ಬಂದರು. ಬಾಗಿಲ ಬಳಿ ಅವ್ವ ಚಿಂದಿಯ ಧೂಳು ಮೆತ್ತಿದ ಸೀರೆಯಲ್ಲೇ ನಿಂತಿದ್ದಳು, ಶೆಡ್ಡಿನಿಂದ ನೇರ ಬಂದಿದ್ದಳು. ಪಕ್ಕದಲ್ಲಿ ಕಾಕಾ, ಬಾಯಲ್ಲಿ ತಂಬಾಕು ಇರಲಿಲ್ಲ. ಟೀಚರ ಕೆನ್ನೆ ಉಬ್ಬಿತು. ಬಲಕ್ಕೆ ತಿರುಗಿದೆವು. ಹಿಂದಕ್ಕೆ ತಿರುಗಿದೆವು. ಎಡಕ್ಕೆ, ಮತ್ತೆ ಎಡಕ್ಕೆ. ನೀರಿನ ಡ್ರಮ್ಮು ದೂರದಲ್ಲಿ ತನ್ನ ಪಾಡಿಗೆ ತಾನಿತ್ತು. ಸಾಹೇಬರು ಚಪ್ಪಾಳೆ ತಟ್ಟಿ, ಚಹಾ ಕುಡಿದು ಹೋದರು. ಯಾರ ಕಿವಿಯ ಬಗ್ಗೆಯೂ ಅವರು ಕೇಳಲಿಲ್ಲ. ಅವ್ವ ಟೀಚರ ಬಳಿ ಹೋಗಿ, "ಹೆಸರು ಇರಲಿ ಬಿಡ್ರಿ" ಎಂದದ್ದು ನನಗೆ ದೂರದಿಂದಲೇ ಕಂಡಿತು.

ಎಲ್ಲರಿಗೂ ಪೆಪ್ಪರ್‌ಮಿಂಟು ಹಂಚಿದರು. ಕೆಂಪು ರಿಬ್ಬನ್ನಿನ ಹುಡುಗಿ ಗೋಡೆಯ ಬಳಿ ಕೂತಿದ್ದಳು. ನನ್ನ ಪಾಲಿನದನ್ನು ಅವಳ ಕೈಗಿಟ್ಟು, "ನಿನ್ನ ನೋಡೇ ನಾ ತಿರಗಿದ್ದು" ಎಂದು ಎಲ್ಲ ಒಪ್ಪಿಕೊಂಡೆ. ಅಷ್ಟು ದಿನ ಅವಳಿಂದ ಕದ್ದಂತೆ ಅನ್ನಿಸುತ್ತಿತ್ತು ನನಗೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನಗೆ ಕಾಣುವ ಹಾಗೆ ಮುಖವನ್ನು ಹತ್ತಿರ ತಂದು, ನಿಧಾನವಾಗಿ ಹೇಳಿದಳು:

"ಸೀಟಿ ಕೇಳತೈತಿ ನನಗ. ಆದ್ರ ಎಡ ಯಾವುದು, ಬಲ ಯಾವುದು, ಇನ್ನೂ ತಿಳಿಯೂದಿಲ್ಲ. ನಾ ನಿನ್ನ ನೋಡಿ ತಿರಗತಿದ್ದೆ."