ರೀಲು ಬದಲಾಗುವವರೆಗೆ

ಟೆಂಟಿನಲ್ಲಿ ಒಂದು ರೀಲು ಮುಗಿದು ದೀಪ ಹೊತ್ತಿಕೊಂಡಿತೆಂದರೆ ಗಂಡಸರ ಕಡೆಯಿಂದ ಸಿಳ್ಳೆ, ಸೋಡಾದವನ ಕೂಗು, ಮಕ್ಕಳ ಅಳು ಎಲ್ಲ ಒಟ್ಟಿಗೆ ಏಳುತ್ತಿದ್ದವು. ಹೆಂಗಸರ ಪರದೆಯ ಈಚೆ ನಮ್ಮ ಗಿರಿಜತ್ತೆ ಮಾತ್ರ ಕಣ್ಣು ಮುಚ್ಚಿ, ಒಂದು ಬೆರಳು ಮೇಲೆತ್ತಿ, ತುಟಿ ಬಿಡದೆ ಗುನುಗುತ್ತ ಕೂತಿರುತ್ತಿದ್ದಳು. ಆ ಬೆರಳು ಇಳಿಯುವವರೆಗೆ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ.

“ಏನತ್ತೆ ಅದು?” ಎಂದು ಮೊದಲ ಸಲ ಕೇಳಿದಾಗ ಬೆರಳನ್ನೇ ನನ್ನ ತುಟಿಗೆ ಒತ್ತಿದಳು. ಮತ್ತೆ ಕತ್ತಲಾಗಿ ಚಿತ್ರ ಶುರುವಾದ ಮೇಲೆ ಪಿಸುಗುಟ್ಟಿದಳು: “ಪಿಟೀಲು ಅರ್ಧಕ್ಕೆ ನಿಂತೋಯ್ತಲ್ಲ ಕಣಮ್ಮಿ. ಮಿಷಿನ್ನಿನೋನು ಬದಲಾಯ್ಸೋಗಂಟ ಯಾರಾದ್ರೂ ಇಡ್ಕೊಂಡಿರ್ಬೇಕು. ಬುಟ್ರೆ ಬಿದ್ದೋಯ್ತದೆ.”

ಅರಕಲಗೂಡಿನ ಆ ಟೆಂಟಿಗೆ ಇದ್ದದ್ದು ಒಂದೇ ಮಿಷನ್ನು. ರೀಲು ಮುಗಿದಾಗಲೆಲ್ಲ ನಿಲ್ಲಿಸಿ ಇನ್ನೊಂದನ್ನು ಹಾಕಬೇಕು. ನಾಯಕಿ ಬಾಗಿಲಿಗೆ ಕೈಯಿಟ್ಟಿದ್ದಾಗಲೇ ನಿಲ್ಲಬಹುದು, ಪಿಟೀಲುಗಳು ಒಂದೊಂದೇ ಮೆಟ್ಟಿಲು ಹತ್ತಿ ಕೊನೆಯದಕ್ಕೆ ಕಾಲೆತ್ತಿದಾಗಲೇ ನಿಲ್ಲಬಹುದು. ಉಳಿದವರಿಗೆ ಅದು ಕಡಲೆಕಾಯಿ ತಿನ್ನುವ ಹೊತ್ತು. ಅತ್ತೆಗೆ ಕೆಲಸದ ಹೊತ್ತು.

ಗಿರಿಜತ್ತೆ ನಮ್ಮಪ್ಪನ ಕೊನೆಯ ತಂಗಿ. ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು, ಅಷ್ಟೆ. ಹೊಳೆನರಸೀಪುರದಲ್ಲಿ ನಮ್ಮದು ಕಾಳಿನ ಮಂಡಿ. ಮೊರ, ಜರಡಿ, ವಿಭೂತಿಗಟ್ಟಿ ಇವುಗಳ ನಡುವೆ ಬೆಳೆದವಳಿಗೆ ಸಂಗೀತದ ಗಂಧವೇನೂ ಇರಲಿಲ್ಲ. ಅದು ಅಂಟಿದ್ದು ಮದುವೆಯಾದ ಮೇಲೆ. ಗಂಡ ನಂಜುಂಡಮಾಮ ಅರಕಲಗೂಡಿನವನು. ಹಾಸನದ ಬಸ್ಸು ಓಡಿಸುತ್ತಿದ್ದ. ಹಾಸನದಲ್ಲಿ ಇಂಗ್ಲಿಷ್ ಚಿತ್ರ ಬಂತೆಂದರೆ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿಬಿಡುತ್ತಿದ್ದ. ಯುದ್ಧ ಬಂದು ಪೆಟ್ರೋಲು ಸಿಗದೆ, ಇದ್ದಿಲ ಗ್ಯಾಸಿನಲ್ಲಿ ಓಡಲೆಂದು ಬಸ್ಸಿನ ಬೆನ್ನಿಗೆ ಒಲೆ ಕಟ್ಟಿಕೊಂಡ ಮೇಲೂ ಹೋಗುತ್ತಿದ್ದರು. ಮುಖಕ್ಕೆ ಮಸಿ ಮೆತ್ತಿಕೊಂಡು ಇಬ್ಬರೂ ನಗುತ್ತ ಬರುತ್ತಿದ್ದರು. ರಜೆಗೆ ನಾನು ಹೋದರೆ ಮೂವರೂ ಅರಕಲಗೂಡಿನ ಟೆಂಟಿಗೆ.

ಒಂದು ಮಾತೂ ಅರ್ಥವಾಗದ ಚಿತ್ರದಲ್ಲಿ ಅಂಥದ್ದೇನು ನೋಡುತ್ತೀರಿ ಎಂದು ನಮ್ಮವ್ವ ಕೇಳಿದರೆ ಅತ್ತೆ, “ಮಾತು ಯಾಕತ್ಗೆ, ಕೊಳ್ಲಿನೋನು ಒಬ್ನೇ ಏನೋ ಯೋಳ್ತಾನೆ, ಪಿಟೀಲಿನೋರೆಲ್ಲ ಊಂ ಅಂತಾರೆ, ಅಷ್ಟ್ರಲ್ಲಿ ಎಲ್ಲಾ ತಿಳೀತದೆ” ಅನ್ನುತ್ತಿದ್ದಳು. ಅಷ್ಟೊಂದು ಪಿಟೀಲು ಒಟ್ಟಿಗೆ ಬಾರಿಸುವವರು ಒಂದು ಬಸ್ಸಿಗೆ ಹಿಡಿಸದಷ್ಟು ಜನ ಇರುತ್ತಾರೆಂದು ಮಾಮ ಎಲ್ಲಿಂದಲೋ ತಿಳಿದುಕೊಂಡು ಬಂದು ಹೇಳಿದ್ದ. ಅತ್ತೆ ಒಂದು ದಿನವೆಲ್ಲ ಅದನ್ನೇ ಯೋಚಿಸಿ ಕೇಳಿದಳಂತೆ: “ಅಷ್ಟು ಜನ್ದಲ್ಲಿ ಒಬ್ರೂ ಕೆಮ್ಮಲ್ವಾ?”

ನಟನಟಿಯರ ಹೆಸರು ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ. ತಾನೇ ಹೆಸರಿಟ್ಟಿದ್ದಳು. ಒಬ್ಬ ಗಲ್ಲದ ಗುಳಿಯವನು. ಒಬ್ಬಳು ನಿದ್ದೆಗಣ್ಣಮ್ಮ. ಗೆರೆಮೀಸೆಯವನೊಬ್ಬ ಅವಳಿಗೆ ಸೇರುತ್ತಿರಲಿಲ್ಲ. “ಪ್ರೀತಿ ಮಾಡೋವಾಗ್ಲೂ ಕನ್ನಡಿ ಎಲ್ಲೈತೆ ಅಂತ ನೋಡ್ತಾನೆ.” ಇದನ್ನು ಕೇಳಿದ ಮಾಮ, ಅವನನ್ನೇ ನೋಡಿ ಬಿಟ್ಟಿದ್ದ ತನ್ನ ಗೆರೆಮೀಸೆಯನ್ನು ಮರುದಿನ ಬೋಳಿಸಿಕೊಂಡು ಬಂದ. ನಿದ್ದೆಗಣ್ಣಮ್ಮನೆಂದರೆ ಮಾತ್ರ ಅತ್ತೆಗೆ ಪ್ರಾಣ. “ನೋಡೇ, ಅವ್ಳು ಕಣ್ಣಲ್ಲಿ ಅಳಲ್ಲ. ಗಂಟ್ಲು ನೋಡು. ಮೊದ್ಲು ಅಲ್ಲಿ ನುಂಗ್ತಾಳೆ. ನೀರು ಆಮೇಕೆ.” ಅಂದಿನಿಂದ ನಾನೂ ಯಾರ ಮನೆಯ ಸಾವಿಗೆ ಹೋದರೂ ಮೊದಲು ಗಂಟಲು ನೋಡುವುದನ್ನು ಕಲಿತೆ.

ಟೆಂಟಿನಲ್ಲಿ ಇಂಗ್ಲಿಷ್ ಚಿತ್ರ ಹಾಕಿದಾಗ ಚಿತ್ರದ ಪರದೆಯ ಪಕ್ಕ ಬೆತ್ತ ಹಿಡಿದು ನಿಂತು ಕನ್ನಡದಲ್ಲಿ ಕತೆ ಹೇಳಲು ಒಬ್ಬರಿದ್ದರು. ಗಂಟಲು ದೊಡ್ಡದು. ಒಂದು ಸಂಜೆ ನಾಯಕ ರೈಲು ಹತ್ತುತ್ತಿದ್ದಾನೆ, ಪಿಟೀಲುಗಳು ಮೆಲ್ಲಗೆ ಏಳುತ್ತಿವೆ, ಇವರು ಬೆತ್ತದಿಂದ ಪರದೆ ಬಡಿದು, “ಈಗ ಇವನು ಪರದೇಶಕ್ಕೆ ಹೊರಟ! ಇವಳ ಗತಿಯೇನು ಮಹಾಜನಗಳೇ?” ಎಂದು ಅಬ್ಬರಿಸಿದರು.

ಹೆಂಗಸರ ಕಡೆಯಿಂದ ಅತ್ತೆಯ ದನಿ ಎದ್ದಿತು. “ಸಾ! ವಸಿ ಸುಮ್ಕಿರಿ ಸಾ! ಅವ್ಳ ಗತಿ ಏನೂಂತ ಪಿಟೀಲಿನೋರು ಯೋಳ್ತಾವ್ರೆ, ನೀವ್ಯಾಕೆ ಅಡ್ಡ ಬತ್ತೀರಿ?”

ಟೆಂಟಿಗೆ ಟೆಂಟೇ ನಕ್ಕಿತು. ಅವರೂ ಬಿಡಲಿಲ್ಲ. “ಪಿಟೀಲು ಕೇಳೋರು ಮದ್ವೆ ಮನೆಗೋಗಬೇಕು ಕಣಮ್ಮಾ, ಇಲ್ಯಾಕೆ ಬಂದ್ರಿ?” ಎಂದರು. ಗಂಡಸರ ಕಡೆಯಿಂದ ಮಾಮ, “ಮದ್ವೆ ಆಗಿ ಮೂರು ವರ್ಸ ಆಯ್ತು ಸಾ, ಇನ್ನೊಂದ್ಸಲ ಮಾಡ್ಸಿ, ಅಲ್ಲೇ ಓಯ್ತೀವಿ!” ಎಂದು ಕೂಗಿದ. ಆ ನಗುವಿನಲ್ಲಿ ಪಿಟೀಲು ಮುಳುಗಿಹೋಯಿತು. ಅತ್ತೆಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು.

ಆ ಬೇಸಿಗೆಯಲ್ಲೇ ಮಾಮ ಮಿಲಿಟರಿಗೆ ಸೇರಿದ. ಲಾರಿ ಓಡಿಸುವವರು ಬೇಕಾಗಿದ್ದರು. ಬರ್ಮಾ ಕಡೆಗೆ ಕಳಿಸಿದರು. ಒಂದು ಮಳೆಗಾಲದಲ್ಲಿ ತಂತಿ ಬಂತು: ಪತ್ತೆಯಿಲ್ಲ. ಸತ್ತನೆಂದಲ್ಲ, ಬದುಕಿದ್ದಾನೆಂದಲ್ಲ.

ಅತ್ತೆ ಅಳಲಿಲ್ಲ. ನಾನು ಅವಳ ಗಂಟಲನ್ನೇ ನೋಡುತ್ತ ಕೂತಿದ್ದೆ. ಅಲ್ಲೂ ಏನೂ ಆಗಲಿಲ್ಲ. ಎದ್ದು ಹೋಗಿ ಒಲೆಯ ಮೇಲಿದ್ದ ಸಾರನ್ನು ಇಳಿಸಿದಳು.

ಅವಳ ಮೈದುನನ ಮದುವೆ ಗೊತ್ತಾದಾಗ ತಕರಾರು ಹುಟ್ಟಿತು. ಹಿರಿಸೊಸೆ ಕಳಸ ಹಿಡಿಯಬೇಕು. ಹಿಡಿಯಬಹುದೋ ಬಾರದೋ? ಮಾಮನ ತಾಯಿ ಕೆಟ್ಟವರಲ್ಲ. ಕಳೆದದ್ದು ಅವರ ಮಗನೇ. ಆದರೂ ಊರಿನ ಬಾಯಿಗೆ ಹೆದರಿ, ನಮ್ಮೆಲ್ಲರ ಎದುರಿನಲ್ಲೇ ಕೇಳಿದರು: “ಗಿರಿಜಾ, ನೀನೇ ಒಂದು ಯೋಳ್ಬುಡವ್ವ. ಬಳೆ ತೆಗೀತೀಯೋ, ಇಟ್ಕತ್ತೀಯೋ?”

“ನಿಂತೈತೆ ಅಷ್ಟೇ ಕಣತ್ತೆ,” ಎಂದಳು ಗಿರಿಜತ್ತೆ. “ಮುಗ್ದಿಲ್ಲ.”

ಏನು ನಿಂತಿದೆ ಎಂದು ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಕೈತುಂಬ ಬಳೆಯಿಟ್ಟುಕೊಂಡು ಅವಳು ನಮ್ಮ ಮನೆಗೆ ಬಂದುಬಿಟ್ಟಳು.

ಮಂಡಿಯ ಹಿಂದಿನ ಪಡಸಾಲೆಯಲ್ಲಿ ಹುರುಳಿ ಕೇರುತ್ತ, ಕಲ್ಲು ಆರಿಸುತ್ತ, ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದಳು. ಮಾಮನ ಜೊತೆ ಕಡೆಯದಾಗಿ ನೋಡಿದ ಚಿತ್ರದ ಪಿಟೀಲು ಅದು. ಮೆಟ್ಟಿಲು ಹತ್ತುತ್ತಿತ್ತು, ಕೊನೆಯದಕ್ಕೆ ಕಾಲೆತ್ತುತ್ತಿತ್ತು, ಮತ್ತೆ ಮೊದಲಿಂದ. ಮುಂದಕ್ಕೆ ಹೋಗುತ್ತಿರಲಿಲ್ಲ. ಅವ್ವ ತಡೆಯಲಾರದೆ ಒಮ್ಮೆ, “ಅದನ್ನ ಎಲ್ಲಾದ್ರೂ ಇಳ್ಸೇ ತಾಯಿ, ನನ್ನ ತಲೆ ತಿರುಗ್ತದೆ” ಅಂದಳು. ಅತ್ತೆ ದನಿ ತಗ್ಗಿಸಿದಳು. ನಿಲ್ಲಿಸಲಿಲ್ಲ. ಮಿಕ್ಕಂತೆ ಉಂಡಳು, ಮಲಗಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಮುಖದಲ್ಲಿ ಸುಖವೂ ಇರಲಿಲ್ಲ, ದುಃಖವೂ ಇರಲಿಲ್ಲ. ಮನೆಯಲ್ಲಿ ನಾವೂ ಹಾಗೇ ಆದೆವು.

ಯುದ್ಧ ಮುಗಿಯಿತು. ಮಾಮನ ಜೊತೆಯಲ್ಲಿ ಲಾರಿ ಓಡಿಸುತ್ತಿದ್ದವನೊಬ್ಬ ಹಿರೀಸಾವೆಗೆ ಹಿಂದಿರುಗಿದ್ದಾನೆಂದು ಗೊತ್ತಾಯಿತು. ಅತ್ತೆ, “ಬಾರೇ ಓಗಿ ಬರಾಣ” ಎಂದಳು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಇಬ್ಬರೇ ಹೋದೆವು.

ರಸ್ತೆ ಬದಿಯ ಹೋಟೆಲಿನ ಮುಂದೆ ಬೆಂಚಿನ ಮೇಲೆ ಅವನು ಸಿಕ್ಕಿದ. ಅತ್ತೆಯ ಕೈಬಳೆ ನೋಡಿ ತಲೆ ತಗ್ಗಿಸಿದ.

“ಸತ್ತೋದ ಅಂತ ನಾನು ಯೋಳಕ್ಕಾಗಲ್ಲ ಕಣಕ್ಕ, ಕಣ್ಣಲ್ಲಿ ನೋಡ್ಲಿಲ್ಲ. ಒಳೆ ಮೇಲೆ ಮರದ ಸೇತುವೆ. ನಂಜುಂಡಣ್ಣನ ಲಾರಿ ಮುಂದೆ, ನಂದು ಇಂದೆ. ಒಂದ್ಸಲ ಕಣ್ಣೊರೆಸ್ಕಂಡೆ, ಅಷ್ಟೇ. ಲಾರಿನೂ ಇಲ್ಲ, ಸೇತುವೆನೂ ಇಲ್ಲ.”

ಅತ್ತೆ ಬೆಂಚಿನ ತುದಿಗೆ ಕೂತಳು. ಆಮೇಲೆ ಕೇಳಿದಳು: “ಸದ್ದೇನಾದ್ರೂ ಬಂತೇನಪ್ಪಾ?”

“ಏನ್ ಸದ್ದಕ್ಕ?”

“ಯಾವ್ದಾದ್ರೂ. ಅದಕ್ಕೆ ಮೊದ್ಲು.”

ಅವನು ಯೋಚಿಸಿದ. ನಿಜ ಹೇಳಬೇಕೆಂದು ಯೋಚಿಸುತ್ತಿದ್ದಾನೆಂದು ಕಾಣುತ್ತಿತ್ತು. “ಇಲ್ಲ ಕಣಕ್ಕ. ಮಳೆ ಉಯ್ತಿತ್ತು. ಅದ್ಬುಟ್ರೆ ಏನೂ ಇರ್ಲಿಲ್ಲ.”

“ಏನೂ ಇಲ್ಲ,” ಎಂದಳು ಅತ್ತೆ. ಕೇಳಿದ್ದಲ್ಲ, ಒಪ್ಪಿಕೊಂಡದ್ದು: ಅಲ್ಲಿ ಪಿಟೀಲು ಎದ್ದೇ ಇರಲಿಲ್ಲ. ಅವನು ಕೊಡಿಸಿದ ಕಾಫಿ ಕುಡಿದು ಎದ್ದೆವು.

ಮನೆಗೆ ಮರಳಿದ ದಿನ ಅವಳೇ ಬಳೆ ತೆಗೆದು ಗೂಡಿನಲ್ಲಿಟ್ಟಳು. ಆಮೇಲೆ ಅರಕಲಗೂಡಿಗೆ ಹೋಗಿ ಮೈದುನನ ಮಕ್ಕಳನ್ನು ಬೆಳೆಸಿದಳು. ಅವಳು ಗುನುಗಿದ್ದನ್ನು ಆ ಮಕ್ಕಳು ಕೇಳಿಲ್ಲ. ಗಿರಿಜತ್ತೆ ಈಗಿಲ್ಲ. ಹಿರೀಸಾವೆಯವನ ಮಾತು ಕೇಳಿ ಬಳೆ ತೆಗೆದಳೆಂದೇ ನಮ್ಮ ಮನೆಯವರು ಕಡೆಯವರೆಗೂ ತಿಳಿದಿದ್ದರು. ಬಳೆ ಇಳಿಯುವುದಕ್ಕೆ ಒಂದು ದಿನ ಮೊದಲೇ, ಅವಳು ಹಿಡಿದುಕೊಂಡಿದ್ದ ಇನ್ನೊಂದು ಇಳಿದಿತ್ತು. ಅದನ್ನು ಕಂಡವಳು ನಾನೊಬ್ಬಳೇ.

ಹಿರೀಸಾವೆಯಿಂದ ಬರುವಾಗ ಚನ್ನರಾಯಪಟ್ಟಣದಲ್ಲಿ ನಮ್ಮೂರಿನ ಬಸ್ಸು ತಪ್ಪಿತು. ರಾತ್ರಿಗೆ ನಮ್ಮವ್ವನ ತವರಿನವರ ಮನೆಯಿತ್ತು. ದಾರಿಯಲ್ಲಿ ಟೆಂಟು. ಸಂಜೆಯ ಆಟಕ್ಕೆ ಇಂಗ್ಲಿಷ್ ಚಿತ್ರ. ಅತ್ತೆ ನಿಂತು ಬೋರ್ಡಿನ ಮೇಲಿದ್ದ ನಿದ್ದೆಗಣ್ಣಮ್ಮನನ್ನು ನೋಡಿದಳು. “ಓಗಾಣ?” ಅಂದಳು. ಹೋದೆವು.

ಚಾಪೆಯ ಮೇಲೆ ಕೂತೆವು. ಅದೇ ಕಣ್ಣು, ಅದೇ ಗಂಟಲು. ನಿದ್ದೆಗಣ್ಣಮ್ಮ ಯಾರನ್ನೋ ಕಾಯುತ್ತ ಕಿಟಕಿಯ ಹತ್ತಿರ ನಿಂತಳು. ಪಿಟೀಲುಗಳು ಒಂದೊಂದಾಗಿ ಕೂಡಿಕೊಂಡು ಹತ್ತತೊಡಗಿದವು. ರೀಲು ಮುಗಿಯಿತು. ದೀಪ ಹೊತ್ತಿತು. ಗದ್ದಲ ಎದ್ದಿತು.

ನಾನು ಅವಳ ಬೆರಳು ಏಳುವುದನ್ನು ಕಾಯುತ್ತಿದ್ದೆ.

ಅತ್ತೆ ಗಂಡಸರ ಕಡೆಯ ಪರದೆಯತ್ತ ತಿರುಗಿ ಸೋಡಾದವನನ್ನು ಕರೆದಳು. “ಎರಡು ಕೊಡಪ್ಪ,” ಅಂದಳು. ನನಗೆ, “ಬಾಯಾರ್ತದೆ ಕಣೇ” ಅಂದಳು. ಅವನು ಗೋಲಿ ಒತ್ತಿ ಕೊಟ್ಟ. ಸೆರಗಿನಿಂದ ಸೀಸೆಯ ಬಾಯಿ ಒರೆಸಿದಳು. ಬಳೆ ಗಾಜಿಗೆ ತಗುಲಿ ಸಣ್ಣಗೆ ಸದ್ದಾಯಿತು.

ಕತ್ತಲಾಯಿತು. ಪಿಟೀಲುಗಳು ಬಿಟ್ಟ ಕಡೆಯಿಂದಲೇ ಎದ್ದವು. ಅತ್ತೆ ಸೋಡಾ ಕುಡಿಯುತ್ತಿದ್ದಳು.