ಬರಹದ ಕೆಳಗಿನ ವಿಳಾಸ

ನನ್ನ ಅತ್ತೆಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆದರೂ ನಾನು ಹೊರತರುತ್ತಿದ್ದ ಕನ್ನಡ ಸಂಚಿಕೆಯ ಪುಟಪುಟದಲ್ಲೂ ತಪ್ಪು ಹುಡುಕುತ್ತಿದ್ದರು. ನನಗೆ ಸಿಟ್ಟು ಬರುತ್ತಿದ್ದದ್ದು ಅದಕ್ಕಲ್ಲ, ಅವರು ಹುಡುಕಿದ್ದೆಲ್ಲ ನಿಜವಾಗಿಯೂ ತಪ್ಪೇ ಆಗಿರುತ್ತಿತ್ತಲ್ಲ, ಅದಕ್ಕೆ.

ನಾನು ಧಾರವಾಡದವಳು, ಗಂಡ ಅಸ್ಸಾಮಿನವರು, ಮನೆ ವಿಲಾಯತಿಯ ಸಟನ್‌ನಲ್ಲಿ. ಅತ್ತೆ ಗುವಾಹಟಿಯಲ್ಲಿ ಬಹಳ ವರ್ಷ ಹೆಂಗಸರ ಮಾಸಪತ್ರಿಕೆಯೊಂದರ ಸಂಪಾದಕಿಯಾಗಿದ್ದವರು. ಪ್ರವಾಹ ಬಂದಾಗ ದೋಣಿ ಹತ್ತಿ ಹೋಗಿ ವರದಿ ಬರೆದವರು. ಕರ್ಫ್ಯೂ ದಿನಗಳಲ್ಲಿ ಪ್ರೂಫ್ ಹಾಳೆಗಳನ್ನು ತರಕಾರಿ ಚೀಲದ ತಳದಲ್ಲಿಟ್ಟುಕೊಂಡು ಪ್ರೆಸ್ಸಿಗೆ ನಡೆದವರು. ಬಂದೂಕು ಹಿಡಿದವರೂ ಫೋನ್ ಮಾಡಿ ಗದರಿಸುತ್ತಿದ್ದರಂತೆ, ಅವರನ್ನು ಹಿಡಿಯಲು ಬಂದವರೂ ಗದರಿಸುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ನಮ್ಮಿಬ್ಬರ ಮಾತು ಹಿಂದಿಯಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪುಟ್ಟ ಕನ್ನಡ ಸಂಘ ದೀಪಾವಳಿಗೊಂದು ಸಂಚಿಕೆ ತರುತ್ತದೆ. ಬೇರೆ ಯಾರೂ ಒಪ್ಪದ್ದರಿಂದ ಆ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಅತ್ತೆ ಬಂದದ್ದೇ ಊಟದ ಮೇಜಿನ ಮೇಲೆ ಪುಟಗಳನ್ನು ಹರವಿಸಿಕೊಂಡರು. ಓರೆಯಾದ ಸಾಲು, ಬಿಟ್ಟುಹೋದ ಪುಟಸಂಖ್ಯೆ, ಎರಡು ಸಲ ಬಂದ ಸಾಲು, ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ಅವರದೊಂದು ನಿಯಮವಿತ್ತು. ಪ್ರತಿ ಬರಹದ ಕೆಳಗೆ ಬರೆದವರ ಹೆಸರಿನ ಜೊತೆ ಪೂರ್ತಿ ವಿಳಾಸ ಇರಲೇಬೇಕು. ಅವರ ಪತ್ರಿಕೆ ಶುರುವಾದಾಗ ಹೆಂಗಸರು ‘ಇಂಥವರ ಪತ್ನಿ’ ಎಂದು ಸಹಿ ಹಾಕಿ ಕಳಿಸುತ್ತಿದ್ದರಂತೆ. ಇವೆಲ್ಲ ಸಂಪಾದಕಿಯೇ ಕೂತು ಹೊಸೆದ ಕಾಗದಗಳು ಎಂದು ಗಂಡಸರು ನಗುತ್ತಿದ್ದರಂತೆ. ವಿಳಾಸ ಹಾಕತೊಡಗಿದ ಮೇಲೆ ನಗು ನಿಂತಿತು, ಓದುಗರು ಬರೆದವರಿಗೇ ನೇರವಾಗಿ ಕಾಗದ ಬರೆಯತೊಡಗಿದರು. ಇದನ್ನು ಹೇಳುವಾಗ ಅತ್ತೆಯ ಮುಖದಲ್ಲಿ ಕಾಣುತ್ತಿದ್ದ ಹೆಮ್ಮೆ ನನಗೂ ಅಂಟಿಕೊಂಡಿತ್ತು.

ಆ ವರ್ಷ ವಿಜಯಪುರದ ಕಡೆಯ ಹೆಣ್ಣುಮಗಳೊಬ್ಬಳು ಒಂದು ಬರಹ ಕಳಿಸಿದ್ದಳು. ಬಾಡಿಗೆಯ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿಯುವುದು, ಹೊಗೆಗೆ ಚಾವಣಿಯ ಬೆಂಕಿ ಅಲಾರಂ ಕೂಗಿಕೊಳ್ಳುವುದು, ಆರು ವರ್ಷದ ಮಗಳು ಟವೆಲ್ ಹಿಡಿದು ಅದರ ಕೆಳಗೆ ಗಾಳಿ ಹಾಕುವುದು. ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಗಂಡನನ್ನು ಬಿಟ್ಟು ಅವಳು ಅಕ್ಸ್‌ಬ್ರಿಡ್ಜ್‌ಗೆ ಹೋಗಿದ್ದಾಳೆಂದು ಕಿವಿಗೆ ಬಿದ್ದಿತ್ತು. ಯಾಕೆಂದು ನಾನು ವಿಚಾರಿಸಿರಲಿಲ್ಲ. ಗಂಡ ಹೌನ್ಸ್ಲೋದಲ್ಲಿದ್ದ, ಸಂಘದ ಕಾರ್ಯಕ್ರಮಗಳಲ್ಲಿ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹೊರುವವನು. ಗಂಡ ಹೆಂಡಿರ ಜಗಳ, ಸರಿಹೋಗುತ್ತದೆ ಎಂದುಕೊಂಡಿದ್ದೆ.

ಬರಹದ ಕೆಳಗೆ ಅವಳು ಬರೀ ಹೆಸರು ಬರೆದಿದ್ದಳು. ಅತ್ತೆ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, “ಇವಳಿಗೆ ಮನೆಯಿಲ್ಲವೇ?” ಎಂದರು. ಪ್ರತಿಯನ್ನು ಕಳಿಸಲೆಂದು ಅವಳು ಬೇರೆಯಾಗಿ ಕೊಟ್ಟಿದ್ದ ವಿಳಾಸ ನನ್ನ ಬಳಿ ಇತ್ತು. ಅದನ್ನು ತೆಗೆದು ಬರಹದ ಕೆಳಗೆ ಕೂರಿಸಿದೆ. ಒಂದು ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ.

ಸಂಚಿಕೆಗಳನ್ನು ಗುರುವಾರ ಅಂಚೆಗೆ ಹಾಕಿದೆ. ಶನಿವಾರ ಮಧ್ಯಾಹ್ನ ಅವಳ ಫೋನ್ ಬಂತು.

“ಅಕ್ಕಾರ, ಇದೇನ್ ಮಾಡೀರಿ? ನನ್ನ ಮನಿ ನಂಬರ್ ಸುದ್ದಾ ಹಾಕೀರಲ್ರಿ!”

ಏನು ತಪ್ಪಾಯಿತು ಎಂದು ನಾನು ಕೇಳುವಷ್ಟರಲ್ಲಿ ಅವಳೇ ಹೇಳಿದಳು. “ಅಂವಗ ಗೊತ್ತಾಗಬಾರ್ದಂತ ಎರಡ ಸಲ ಮನಿ ಬದ್ಲ ಮಾಡೇನ್ರಿ. ಎಲ್ಲಿದ್ರೂ ಹುಡುಕಿ ಮುಗಸ್ತೀನಿ ಅಂದಾನ್ರಿ ಅಂವ.”

ಅವಳ ಗಂಡನಿಗೂ ಒಂದು ಪ್ರತಿ ಕಳಿಸಿದ್ದೆ. ಅವನೂ ಸದಸ್ಯನೇ, ಅವನ ಲಕೋಟೆಯ ಮೇಲೆ ವಿಳಾಸ ಬರೆದದ್ದೂ ಇದೇ ಕೈ.

“ಈಗಿಂದೀಗ ಮಗಳನ್ನ ಕರಕೊಂಡು ನಮ್ಮನಿಗೆ ಬಾರವಾ” ಎಂದೆ.

“ಬರ್ತೀನ್ರಿ, ಆಮ್ಯಾಲೆ? ಅಕಿಗೆ ಈಗರ ಸಾಲಿ ಹೊಂದೇತಿ. ಮತ್ತ ಎಲ್ಲೆ ಓಡ್ಲಿ? ಅಂವಗ ಇನ್ನೂ ಮುಟ್ಟಿರ್ಲಿಕ್ಕಿಲ್ಲೇನ್ರಿ?”

ಮನೆಯಲ್ಲಿರಬೇಡ, ಜನ ಇರುವ ಲೈಬ್ರರಿಗೆ ಹೋಗಿ ಕೂತಿರು, ನಾನು ಫೋನ್ ಮಾಡುವವರೆಗೆ ಏಳಬೇಡ ಎಂದೆ. ಅತ್ತೆಗೆ ಹೇಳಿದಾಗ ಅವರು ಹೋಗಿ ಕೋಟು ಹಾಕಿಕೊಂಡು ಬಂದರು. ಹಂಚಿಹೋದ ಸಂಚಿಕೆಯನ್ನು ವಾಪಸು ತರುವುದು ಅವರಿಗೆ ಹೊಸದಲ್ಲ. ಒಮ್ಮೆ ಬಸ್ ನಿಲ್ದಾಣದ ಅಂಗಡಿ ಅಂಗಡಿಗೆ ಹೋಗಿ ತಮ್ಮ ಪತ್ರಿಕೆಯನ್ನು ತಾವೇ ಕೊಂಡು ತಂದಿದ್ದರು. “ಅಚ್ಚಿನ ತಪ್ಪಾಗಿದೆ, ಹೊಸ ಪ್ರತಿ ಕೊಡುತ್ತೇವೆ ಎಂದು ಅವನ ಪ್ರತಿಯನ್ನು ವಾಪಸು ಕೇಳೋಣ. ಮಾತು ನನಗೆ ಬಿಡು” ಎಂದರು.

ಕ್ಲಾಫಮ್ ಜಂಕ್ಷನ್‌ನಲ್ಲಿ ಟ್ರೇನ್ ಬದಲಿಸಿ ಹೌನ್ಸ್ಲೋ ಕಡೆ ಹೊರಟೆವು. ಅಂಚೆಯವನು ತಡಮಾಡಿರಲಿ, ಲಕೋಟೆ ಬೇರೆ ಮನೆಗೆ ಹೋಗಿರಲಿ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಬೆಲ್ ಒತ್ತಿದೊಡನೆ ಅವನು ಬಾಗಿಲು ತೆಗೆದ. ನಮ್ಮನ್ನು ನೋಡಿ ಮುಖ ಅರಳಿಸಿದ. “ಏ ಬರ್ರಿ ಮೇಡಂ, ಒಳಗ ಬರ್ರಿ. ಚಹಾ ಮಾಡ್ಲಿ?”

ಅತ್ತೆ ಇಂಗ್ಲಿಷಿನಲ್ಲಿ ಅಚ್ಚಿನ ತಪ್ಪಿನ ಕತೆ ಹೇಳಿದರು. ಅವನು ಒಳಗೆ ಹೋಗಿ ಸಂಚಿಕೆ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. “ಇನ್ನೂ ತಗದ ನೋಡಿಲ್ರಿ. ಇದಕ್ಕಂತ ಇಷ್ಟ ದೂರ ಬಂದ್ರೇನು? ಒಂದ್ ಫೋನ್ ಮಾಡಿದ್ರ ನಾನ ತಂದ ಕೊಡ್ತಿದ್ದೆ.”

ಬೀದಿಯ ತಿರುವು ದಾಟಿದ ಮೇಲೆ ನನಗೆ ನಗು ಬಂತು, ಅಳುವೂ ಬಂತು. ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅವಳಿಗೆ ಫೋನ್ ಮಾಡಲು ನಂಬರ್ ಹುಡುಕುತ್ತಿದ್ದೆ. ಅತ್ತೆ ತಮ್ಮ ಹಳೆಯ ರೂಢಿಯಂತೆ ಹೆಬ್ಬೆರಳಿನಿಂದ ಪುಟಗಳ ಅಂಚನ್ನು ಸವರುತ್ತಿದ್ದರು. ಹೆಬ್ಬೆರಳು ನಡುವೆ ಒಂದು ಕಡೆ ನಿಂತಿತು.

“ಒಂದು ಹಾಳೆ ಇಲ್ಲ” ಎಂದರು.

ಬಿಡಿಸಿ ನೋಡಿದೆ. ರೊಟ್ಟಿಯ ಬರಹ ಇದ್ದ ಹಾಳೆ. ಹರಿದಿರಲಿಲ್ಲ. ಹೊಲಿಗೆಯ ಪಕ್ಕದಲ್ಲೇ ಬ್ಲೇಡಿನಿಂದ ನೀಟಾಗಿ ಕತ್ತರಿಸಿ ತೆಗೆದಿದ್ದ.

ಫೋನಿನಲ್ಲಿ ನಾನು ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಮನೆ ಕಡೆ ಹೆಜ್ಜೆ ಇಡಬೇಡ, ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡು ಎಂದು ಕಿರುಚಿದ್ದು ಮಾತ್ರ ನೆನಪಿದೆ. ಪ್ಲಾಟ್‌ಫಾರ್ಮಿನಲ್ಲಿದ್ದವರು ತಿರುಗಿ ನೋಡಿದರು. ಅವಳು ಅಳಲಿಲ್ಲ. “ಹೂಂ ರೀ” ಎಂದಳು ಅಷ್ಟೆ. ಹಿಂದೆ ಮಗಳು ಇಂಗ್ಲಿಷಿನಲ್ಲಿ ಮನೆಗೆ ಹೋಗೋಣ ಎಂದು ಹಟ ಮಾಡುತ್ತಿದ್ದದ್ದು ಕೇಳಿಸಿತು.

ಟ್ರೇನ್ ಬಂದು ಹೋಯಿತು, ನಾವು ಹತ್ತಲಿಲ್ಲ. ಅತ್ತೆ ಮಡಿಲಲ್ಲಿದ್ದ ಸಂಚಿಕೆಯನ್ನೇ ನೋಡುತ್ತ ಹೇಳಿದರು, “ಮೊದಲೂ ಒಮ್ಮೆ ಹೀಗಾಗಿತ್ತು.” ಹಳ್ಳಿಯ ಶಾಲೆಯ ಟೀಚರೊಬ್ಬಳು ತನ್ನೂರಿನಿಂದ ಬಂದೂಕಿನವರು ಎತ್ತಿಕೊಂಡು ಹೋದ ಇಬ್ಬರು ಹುಡುಗರ ಬಗ್ಗೆ ಕಾಗದ ಬರೆದಿದ್ದಳಂತೆ. ಇವರು ವಿಳಾಸ ಸಮೇತ ಅಚ್ಚು ಹಾಕಿದರು. ಸಂಚಿಕೆ ಬಂದ ಮೇಲೆ ಅವಳ ಮನೆಗೆ ಬೀಗ ಬಿತ್ತು. ತಾವೇ ಆ ಊರಿಗೆ ಹೋಗಿ ಮನೆಮನೆಗೆ ವಿಚಾರಿಸಿದರೂ ಅವಳೇನಾದಳೆಂದು ಯಾರೊಬ್ಬರೂ ಬಾಯಿ ಬಿಡಲಿಲ್ಲ.

“ಆಮೇಲೂ ವಿಳಾಸ ಹಾಕಿದಿರಾ?” ಎಂದೆ.

“ಹಾಕಿದೆ. ಹೆದರಿದರೆ ಪತ್ರಿಕೆ ಮುಚ್ಚಬೇಕಾಗುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಅದಲ್ಲ. ನಿಲ್ಲಿಸಿದ್ದರೆ ತಪ್ಪು ನನ್ನದೆಂದು ಒಪ್ಪಿಕೊಂಡಂತೆ ಆಗುತ್ತಿತ್ತು.”

ಅವರ ಮೇಲೆ ಹರಿಹಾಯಬೇಕೆನಿಸಿತು. ಇಷ್ಟು ವರ್ಷ ಹೆಮ್ಮೆಯಿಂದ ಹೇಳಿದ ಕತೆಯಲ್ಲಿ ಈ ಟೀಚರ್ ಯಾಕೆ ಬರಲಿಲ್ಲ ಎಂದು ಕೇಳಬೇಕೆನಿಸಿತು. ಆದರೆ ವಿಳಾಸ ಟೈಪ್ ಮಾಡಿದ್ದು ನಾನು. ಕನ್ನಡ ಓದಲು ಬರುತ್ತಿದ್ದದ್ದು ನನಗೆ.

ರೊಟ್ಟಿಯ ಬರಹದವಳನ್ನೂ ಮಗಳನ್ನೂ ಪೊಲೀಸರು ಅದೇ ದಿನ ಬೇರೆ ಊರಿಗೆ ಸಾಗಿಸಿದರೆಂದು ಆಮೇಲೆ ತಿಳಿಯಿತು. ಅವಳ ಹಳೆಯ ನಂಬರ್ ನಿಂತುಹೋಯಿತು. ಅವಳ ಗಂಡ ಸಂಘದ ದೀಪಾವಳಿಗೆ ಎಂದಿನಂತೆ ಬಂದ. ಅವನ ವಿಷಯ ನಾನು ಕಮಿಟಿಯವರಿಗೆ ಮೊದಲೇ ಹೇಳಿದ್ದೆ. ಇಬ್ಬರು ಬಾಗಿಲಲ್ಲೇ ತಡೆದು ವಾಪಸು ಕಳಿಸಿದರು. ಹೋಗುವಾಗ ನನ್ನ ಕಡೆ ನೋಡಿ ಕೈಮುಗಿದ. ಆ ವಾರವಿಡೀ ನಮ್ಮ ಮನೆಯ ಬೆಲ್ ಆದಾಗಲೆಲ್ಲ ನಾನು ಕಿಟಕಿಯಿಂದ ನೋಡದೆ ಬಾಗಿಲು ತೆಗೆಯಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಚಿಕ್ಕ ಹುಡುಗಿಯ ಧ್ವನಿ. ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಅಮ್ಮನ ಫೋನಿನಲ್ಲಿ ನಿಮ್ಮ ಹೆಸರು ನೋಡಿದೆ, ನಮ್ಮ ಹೊಸ ಮನೆಯಲ್ಲಿ ಅಲಾರಂ ಕೂಗುವುದೇ ಇಲ್ಲ, ನೀವು ಬಂದು ನೋಡಬೇಕು ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಎದುರಿಗೆ ಕೂತಿದ್ದ ಅತ್ತೆ, “ಯಾರು? ಎಲ್ಲಿಂದ?” ಎಂದು ಪೆನ್ನು ಕೈಗೆತ್ತಿಕೊಂಡರು.

‘ನಾವೀಗ ಇರುವುದು...’ ಎಂದು ಹುಡುಗಿ ಊರಿನ ಹೆಸರು ಹೇಳಲು ಹೊರಟಳು. ಅದು ಕಿವಿಗೆ ಬೀಳುವ ಮೊದಲೇ ಫೋನ್ ಕಟ್ ಮಾಡಿದೆ.