ಆರಿಸಿದರೂ ಆರದ ಪರದೆ

ನಮ್ಮಕ್ಕ ಪಾಠ ಹೇಳುವ ಸರ್ಕಾರಿ ಪ್ರೌಢಶಾಲೆಯಲ್ಲಿ ಸುಟ್ಟುಹೋದ ಮಾನಿಟರನ್ನು ಸುಟ್ಟವರು ನೀವೆಲ್ಲ ಸೇರಿ: ಹಳೆಯ ಮಾನಿಟರುಗಳ ಒಳದೀಪ ಕಿತ್ತು ಎಲ್‌ಇಡಿ ಪಟ್ಟಿ ಕೂರಿಸುವ ಗುತ್ತಿಗೆ ಹಿಡಿದವರು, ಹಿಂಬದಿಯ ಒಂದು ಸ್ಕ್ರೂ ಕೂಡ ಬಿಚ್ಚಿ ನೋಡದೆ ‘ದುರಸ್ತಿ ತೃಪ್ತಿಕರ’ ಎಂದು ಸಹಿ ಮಾಡಿದವರು, ಸುಟ್ಟ ಮೇಲೆ ಅಕ್ಕನ ಹೆಸರಿಗೆ ಕಾರಣ ಕೇಳುವ ನೋಟಿಸು ಕಳಿಸಿದವರು. ಎಲೆಕ್ಟ್ರಾನಿಕ್ಸ್ ಓದಿದವಳಾಗಿ, ನನ್ನ ಕೈಯಿಂದಲೇ ಆ ಮಾನಿಟರನ್ನು ಬಿಚ್ಚಿ ನೋಡಿದವಳಾಗಿ ಈ ಮಾತು ಬರೆಯುತ್ತಿದ್ದೇನೆ.

ಶಾಲೆ ಇರುವುದು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ದಾಟಿದ ಮೇಲೆ. ಅಕ್ಕ ಅಲ್ಲಿ ಅತಿಥಿ ಶಿಕ್ಷಕಿ. ಅವಳ ಕಡತದಲ್ಲಿ ‘ಮುಂದುವರಿಸಬಹುದು’ ಎಂಬ ಒಂದು ಪದ ಬಿದ್ದರೆ ಮುಂದಿನ ವರ್ಷವೂ ಕೆಲಸ, ಬೀಳದಿದ್ದರೆ ಇಲ್ಲ. ನೋಟಿಸಿಗೆ ತಕ್ಕ ಉತ್ತರ ಬಾರದಿದ್ದರೆ ಆ ಪದ ಬೀಳುವುದಿಲ್ಲವೆಂದು ಇಲಾಖೆಯ ಕಚೇರಿಯವರು ಬಾಯಿಮಾತಿನಲ್ಲಿ ತಿಳಿಸಿದ್ದರು. ಉತ್ತರಕ್ಕೆ ಈ ಶುಕ್ರವಾರದವರೆಗೆ ಗಡುವು.

ಆ ಸೀಮೆಯಲ್ಲಿ ಗಾಳಿಯೆಂದರೆ ಧೂಳು. ಕಡಲೆಕಾಯಿ ಕಿತ್ತ ಹೊಲಗಳ ಕೆಂಪು ಪುಡಿ ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ಕೀಲಿಮಣೆಯ ಅಕ್ಷರಗಳ ಸಂದಿಯಲ್ಲಿ ಕೂರುತ್ತದೆ. ಅದಕ್ಕೆಂದು ಅಕ್ಕ ಅಮ್ಮನ ಹಳೆಯ ನೂಲಿನ ಸೀರೆಗಳನ್ನು ಕತ್ತರಿಸಿ ಪ್ರತಿ ಮಾನಿಟರಿಗೂ ಒಂದೊಂದು ಮುಸುಕು ಹೊಲಿದಿದ್ದಳು. ಸಂಜೆ ಪಾಠ ಮುಗಿದ ಮೇಲೆ ಮುಂಬದಿಯ ಗುಂಡಿ ಒತ್ತಿ ಪರದೆ ಆರಿಸುವುದು, ಮುಸುಕು ಹೊದಿಸಿ ಲಾಡಿ ಕಟ್ಟುವುದು, ಕಂಪ್ಯೂಟರ್ ಕೋಣೆಗೆ ಬೀಗ ಹಾಕುವುದು: ಇದು ಅವಳ ಕ್ರಮ. ಗೋಡೆಯ ಸ್ವಿಚ್ಚನ್ನು ಮುಟ್ಟುವಂತಿರಲಿಲ್ಲ. ‘ಯುಪಿಎಸ್ ಸಂಪರ್ಕ ಆರಿಸಬಾರದು’ ಎಂಬ ಇಲಾಖೆಯ ಕಾಗದವನ್ನು ಸ್ವಿಚ್ಚಿನ ಮೇಲೆಯೇ ಅಂಟಿಸಲಾಗಿತ್ತು.

ಎರಡು ದಿನ ರಜೆಯ ನಂತರದ ಸೋಮವಾರ ಬೀಗ ತೆಗೆದಾಗ ಕೋಣೆಯ ತುಂಬ ಕರಕಲು ವಾಸನೆಯಿತ್ತಂತೆ. ಕೊನೆಯ ಮೇಜಿನ ಮುಸುಕಿನಲ್ಲಿ ಅಂಗೈ ಅಗಲದ ಕಪ್ಪು ತೂತು. ಅದರ ಹಿಂದೆ ಮಾನಿಟರಿನ ಬೆನ್ನು ಕರಗಿ ಒಳಗೆ ಕುಸಿದಿತ್ತು. ಬೆಂಕಿ ಪಕ್ಕದ ಮೇಜಿಗೆ ಹೋಗಿರಲಿಲ್ಲ. ಅದೃಷ್ಟ ಎನ್ನಲು ಮನಸ್ಸು ಬರುವುದಿಲ್ಲ.

ಅಕ್ಕ ಕರೆದಳೆಂದು ಕಳೆದ ಶನಿವಾರ ಹೋದೆ. ಅರ್ಧ ದಿನದ ಶಾಲೆ ಮುಗಿದಿತ್ತು. ಮುಖ್ಯೋಪಾಧ್ಯಾಯರು ನೋಟಿಸು ಹಿಡಿದು ಕೂತಿದ್ದರು.

“ಬಟ್ಟೆ ಹೊದಿಸಿದ್ದು ನೀವೇ ತಾನೆ ಮೇಡಂ?”

“ಹೂಂ ಸಾ. ಧೂಳು ಬೀಳ್ತದೆ ಅಂತ.”

“ಅದೊಂದ್ ಮಾತು ಬರ್ಕೊಟ್ರೆ ಸಾಕಂತೆ. ಮಿಕ್ಕಿದ್ದು ಅವ್ರೇ ನೋಡ್ಕತಾರಂತೆ.”

“ಬರ್ಕೊಡ್ತೀನಿ ಬುಡಿ ಸಾ. ಹೊದಿಸಿದ್ದು ನಿಜ ಅಲ್ವಾ.”

ಅವಳ ಪೆನ್ನಿನ ಮುಚ್ಚಳ ಆಗಲೇ ತೆರೆದಿತ್ತು. ಒಂದೇ ಒಂದು ನಿಜವಾದ ವಾಕ್ಯವನ್ನು ಬರೆಸಿಕೊಂಡು ಇಡೀ ಸುಳ್ಳನ್ನು ಅದರ ಮೇಲೆ ನಿಲ್ಲಿಸುವ ವಿದ್ಯೆ ಕಚೇರಿಗಳಿಗೆ ಗೊತ್ತು. ಮೊದಲು ಒಂದು ಮಾನಿಟರು ಬಿಚ್ಚಿ ನೋಡೋಣ, ಆಮೇಲೆ ಬರೆಯುವೆಯಂತೆ ಎಂದು ಅವಳ ಕೈ ಹಿಡಿದು ನಿಲ್ಲಿಸಿದೆ.

ಸುಟ್ಟದ್ದರ ಪಕ್ಕದ ಮಾನಿಟರು ಬೆಳಗಿನ ಪಾಠಕ್ಕೆ ಹಚ್ಚಿದ್ದು ಹಾಗೇ ಇತ್ತು, ಅದರ ಮುಂಬದಿಯ ಗುಂಡಿ ಒತ್ತಿ ಆರಿಸಿದೆ. ಚಿತ್ರ ಹೋಯಿತು. ಪರದೆ ಮಾತ್ರ ಕಪ್ಪಾಗಲಿಲ್ಲ. ಗಂಜಿಯ ತಿಳಿಯಂತೆ ಬೆಳ್ಳಗೆ ಉಳಿಯಿತು.

“ಇದೇನಕ್ಕಾ ಇದು?”

“ಅದು ಅಂಗೇ ಕಣೇ. ಎಲ್‌ಇಡಿ ಅಂದ್ರೆ ವಸಿ ಹೊತ್ತು ಬೆಳ್ಳಗಿದ್ದು ಆಮೇಕೆ ಹೋಯ್ತದೆ ಅಂದ, ಹಾಕಕ್ಕೆ ಬಂದಿದ್ದ ಆವಯ್ಯ.”

“ಹೋಗಿದ್ದು ನೋಡಿದೀಯಾ?”

“ಬಟ್ಟೆ ಕಟ್ಬುಟ್ಟು ಬೀಗ ಹಾಕ್ತೀನಲ್ಲೇ, ಎಲ್ಲಿಂದ ನೋಡ್ಲಿ? ಬೆಳಿಗ್ಗೆ ಬಟ್ಟೆ ತೆಗ್ದು ಹಚ್ಚೋದು ಹುಡುಗ್ರು.”

ಮುಸುಕು ಕಟ್ಟಿ ಕಾದೆವು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಕಳೆಯಿತು. ಬಿಳುಪು ಹೋಗಲಿಲ್ಲ. ಬಟ್ಟೆಯೊಳಗೆ ಕೈ ತೂರಿಸಿ ಮಾನಿಟರಿನ ಬೆನ್ನು ಮುಟ್ಟಿದ ಮುಖ್ಯೋಪಾಧ್ಯಾಯರು ಕೈ ಕೊಡವಿಕೊಂಡರು. “ರೊಟ್ಟಿ ಹಂಚು ಕಣಮ್ಮ ಇದು!” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವರ ಕಣ್ಣು ಸಾಲಾಗಿ ಮುಸುಕು ಹೊದ್ದು ಕೂತಿದ್ದ ಉಳಿದ ಮಾನಿಟರುಗಳ ಮೇಲೆ ಹೋಯಿತು. ಒಂದೊಂದೇ ಮುಸುಕು ಎತ್ತಿದೆವು. ಎಲ್ಲವೂ ಆರಿಸಿದ್ದವು. ಎಲ್ಲವೂ ಉರಿಯುತ್ತಿದ್ದವು. ಮೂಲೆಯದೊಂದು ಮಾತ್ರ ಕಪ್ಪಗಿತ್ತು. ಅದಕ್ಕೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿದ್ದರು.

ನನಗೆ ದಾರಿ ತೋರಿಸಿದ್ದು ಆ ಕೆಟ್ಟ ಮಾನಿಟರು. ಹಚ್ಚಿದರೆ ಎರಡು ಸೆಕೆಂಡು ಚಿತ್ರ ಬಂದು ಪರದೆ ಕತ್ತಲಾಗುತ್ತಿತ್ತು. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಚಿತ್ರ ಒಳಗೇ ಇತ್ತು, ಮಸುಕಾಗಿ, ಕೆರೆಯ ತಳದಲ್ಲಿ ಬಿದ್ದ ಪಟದಂತೆ. ಅಂದರೆ ಚಿತ್ರ ಕೆಟ್ಟಿರಲಿಲ್ಲ, ದೀಪಕ್ಕೆ ಬರುವ ಅಪ್ಪಣೆ ಕಡಿದುಹೋಗುತ್ತಿತ್ತು. ಪ್ಲಗ್ಗು ಕಿತ್ತು, ಒಳಗೆ ನಿಂತ ವಿದ್ಯುತ್ತು ಇಳಿಯುವವರೆಗೆ ತಡೆದು, ಹಿಂಬದಿ ಬಿಚ್ಚಿದೆ.

ಹಳೆಯ ಮಾನಿಟರಿನಲ್ಲಿ ಪರದೆಯ ಹಿಂದೆ ಊದುಬತ್ತಿಯಷ್ಟು ಸಣ್ಣ ಗಾಜಿನ ಕೊಳವೆ ದೀಪಗಳಿರುತ್ತವೆ. ಅವನ್ನು ಉರಿಸುವ ಬೋರ್ಡು ಕಾವಲೂ ಕಾಯುತ್ತದೆ: ಕೊಳವೆ ಕಾಣದಿದ್ದರೆ ಎರಡೇ ಸೆಕೆಂಡಿನಲ್ಲಿ ದೀಪದ ಅಪ್ಪಣೆ ಕಡಿಯುತ್ತದೆ. ಇಲ್ಲಿ ಕೊಳವೆ ಕಿತ್ತು ಎಲ್‌ಇಡಿ ಹಾಕಿದ್ದರು. ಹೊಸ ದೀಪದ ಅಪ್ಪಣೆಯ ತಂತಿಯನ್ನು ಅದೇ ಹಳೆಯ ಕಾವಲಿನ ಕೈಗೆ ಕೊಟ್ಟಿದ್ದರು. ಆ ಕಾವಲು, ಇಲ್ಲದ ಕೊಳವೆಯನ್ನು ಹುಡುಕಿ, ಸಿಗದೆ, ದೀಪ ಆರಿಸುತ್ತಿತ್ತು. ತಂತಿಯನ್ನು ಅಲ್ಲಿಂದ ಬಿಡಿಸಿ, ಮಾನಿಟರಿನ ಮುಖ್ಯ ಬೋರ್ಡು ಆನ್-ಆಫ್ ಅಪ್ಪಣೆ ಕೊಡುವ ಜಾಗಕ್ಕೆ ಬೆಸುಗೆ ಹಾಕಿದೆ. ಹಚ್ಚಿದೆ. ಬೆಳಕು ನಿಂತಿತು. ಆರಿಸಿದೆ. ಪರದೆ ಕಾಡಿಗೆಯಂತೆ ಕಪ್ಪಾಯಿತು.

“ಇದೇನಾ ಆರೋದು ಅಂದ್ರೆ!” ಅಂದಳು ಅಕ್ಕ. ಇಷ್ಟು ದಿನ ತಾನು ಏನನ್ನು ಆರಿಸುತ್ತಿದ್ದೆನೆಂದು ಯೋಚಿಸುವವಳಂತೆ ಬೆಂಚಿನ ಮೇಲೆ ಕೂತುಬಿಟ್ಟಳು.

ಆಮೇಲೆ ಸುಟ್ಟದ್ದನ್ನು ಬಿಚ್ಚಿದೆ. ಅಲ್ಲಿ ಅಪ್ಪಣೆಯ ತಂತಿಯನ್ನು ವಿದ್ಯುತ್ತಿನ ತಂತಿಗೇ ಹೊಸೆದು ಟೇಪು ಸುತ್ತಿದ್ದರು. ಹಾಗೆ ಮಾಡಿದರೆ ದೀಪಕ್ಕೆ ಆರು ಎನ್ನುವವರೇ ಇರುವುದಿಲ್ಲ. ಪ್ಲಗ್ಗು ಇರುವಷ್ಟು ಹೊತ್ತೂ ಪೂರ್ತಿ ಉರಿಯುತ್ತದೆ. ಎಲ್‌ಇಡಿ ನಡೆಸುವ ಪುಟ್ಟ ಬೋರ್ಡನ್ನು ಅಂಟುಟೇಪಿನಲ್ಲಿ ನಿಲ್ಲಿಸಿದ್ದರು. ಎರಡು ದಿನದ ರಜೆಯಲ್ಲಿ, ಮುಸುಕಿನ ಒಳಗಿನ ಕಾವಿಗೆ, ಆ ಅಂಟು ಕರಗಿ ಬೋರ್ಡು ಜಾರಿ ಲೋಹದ ತಗಡಿಗೆ ತಾಗಿತ್ತು. ಉಳಿದವುಗಳ ಪೈಕಿ ಬಿಚ್ಚಿ ನೋಡಿದ ಇನ್ನೆರಡರಲ್ಲೂ ಅದೇ ಹೊಸೆತ, ಅದೇ ಟೇಪು. ಫೋಟೋ ತೆಗೆದುಕೊಂಡು ಎಲ್ಲದರ ಪ್ಲಗ್ಗು ಕಿತ್ತೆವು.

ನನ್ನ ಮಾತೊಂದೇ ಸಾಲದೆಂದು, ಕರಕಲು ಬೋರ್ಡನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಶಿರಾಕ್ಕೆ ಹೋದೆ. ಅಲ್ಲೊಬ್ಬ ಹಿರಿಯರು ಟಿ.ವಿ. ರಿಪೇರಿ ಮಾಡುತ್ತಲೇ ಮುದುಕರಾದವರು. ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಗೊತ್ತಿಲ್ದೆ ಮಾಡಿದ್ದಲ್ಲ ಬೇಟಿ ಇದು. ಗೊತ್ತಿದ್ದೂ ಜಲ್ದಿ ಮಾಡಿದ್ದು. ಮೊದ್ಲು ಎರಡು ಸೆಕೆಂಡಿಗೆ ಆರೋಗ್ತಿತ್ತಲ್ಲ, ಆರಬಾರ್ದು ಅಂತ ಹಿಂಗೆ ಕಟ್ಟವ್ನೆ.”

“ಪರೀಕ್ಷೆ ಮಾಡಿದವರಿಗೆ ಗೊತ್ತಾಗಲಿಲ್ಲವೇ ಚಾಚಾ?”

“ಅವ್ರು ಬೆಳಕು ಬಂತಾ ಅಂತ ನೋಡ್ತಾರಮ್ಮ. ಹೋಯ್ತಾ ಅಂತ ಯಾರ್ ನೋಡ್ತಾರೆ? ಸಾಹೇಬ್ರಿಗೆ ಚಾ ಆರೋಗ್ತದೆ!”

ಇಷ್ಟನ್ನೂ ಅವರು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಟ್ಟರು.

ಅದೇ ಗುತ್ತಿಗೆಯ ಗಾಡಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ಸುತ್ತಿದೆ. ಅಕ್ಕನ ಜೊತೆ ಬಿ.ಎಡ್. ಓದಿದ ಒಬ್ಬಾಕೆ, ಮಾತಿನಲ್ಲಿ ತೆಲುಗು ಬೆರೆಯುವ ಬಲಸಮುದ್ರದ ಕಡೆ ಶಿಕ್ಷಕಿ. ಭಾನುವಾರ ಅವರಿಗೆ ಫೋನು ಮಾಡಿದೆವು.

“ನಮ್ದೂ ಅಂಗೇ ಉಂದಿ ಅಕ್ಕಾ. ಬಟ್ಟೆ ಹೊದಿಸಿದ್ರೂ ಬೆಳ್ಳಗೆ ಕಾಣ್ತೈತೆ. ದೆವ್ವ, ದೆಯ್ಯಂ ಕೂತೈತೆ ಮೇಡಂ ಅಂತ ನಮ್ ಹುಡುಗ್ರು ಆಡ್ಕೊಂತಾರೆ.”

“ಈಗ್ಲೇ ಹೋಗಿ ಪ್ಲಗ್ ಕೀಳೇ!” ಎಂದು ಅಕ್ಕ ಕಿರುಚಿದಳು.

“ಇವತ್ತು ಬೀಗದ ಕೈ ನಮ್ಮ ಸಾರ್ ಹತ್ರ ಐತೆ. ಊರಾಗಿಲ್ಲ ಅವ್ರು.”

ಆಚೆ ಕಡೆ ಫೋನು ಇಟ್ಟ ಮೇಲೂ ಅಕ್ಕ ತನ್ನದನ್ನು ಕಿವಿಯಿಂದ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಆ ಕೋಣೆಯ ಬೀಗ ತೆರೆದು, ಪ್ಲಗ್ಗು ಕಿತ್ತಾಯಿತೆಂಬ ಸುದ್ದಿ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಸೋಮವಾರ ಅಕ್ಕ ಉತ್ತರ ಬರೆದಳು. “ಮಾನಿಟರಿಗೆ ಬಟ್ಟೆ ಹೊದಿಸಿದ್ದು ನಾನೇ” ಎಂಬ ವಾಕ್ಯವನ್ನು ಬಿಡು ಎಂದರೆ ಬಿಡಲಿಲ್ಲ. ಅದನ್ನೇ ಮೊದಲು ಬರೆದಳು. ಅದರ ಕೆಳಗೆ, “ಗುಂಡಿ ಒತ್ತಿದರೆ ಆರುತ್ತದೆ ಎಂದು ನಂಬಿ ಹೊದಿಸಿದೆ. ಆರದಂತೆ ಕಟ್ಟಿದ್ದನ್ನು ನನಗೆ ಯಾರೂ ಹೇಳಲಿಲ್ಲ” ಎಂದು ಸೇರಿಸಿದಳು. ಫೋಟೋಗಳನ್ನೂ ಶಿರಾದ ಹಿರಿಯರ ಹಾಳೆಯನ್ನೂ ಲಗತ್ತಿಸಿ, ಮುಖ್ಯೋಪಾಧ್ಯಾಯರ ಷರಾ ಪಡೆದು ಕಚೇರಿಗೆ ಕೊಟ್ಟು ಬಂದೆವು. ಸ್ವೀಕೃತಿಯ ಮೊಹರು ಕೇಳಿದ್ದಕ್ಕೆ ಗುಮಾಸ್ತರು, “ಮೊಹರು ಯಾಕಮ್ಮ, ನಂಬ್ಕೆ ಇಲ್ವಾ?” ಎಂದರು. ಇಲ್ಲ ಎಂದೆ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಹೀಗಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಇದೇ ಗುತ್ತಿಗೆಯಡಿ ಎಲ್‌ಇಡಿಗೆ ಬದಲಾಯಿಸಿದ ಪ್ರತಿಯೊಂದು ಮಾನಿಟರಿನ ಪ್ಲಗ್ಗನ್ನು ಈ ದಿನವೇ ಕೀಳಿಸಬೇಕು. ಯುಪಿಎಸ್ ಆರಿಸಬಾರದೆಂಬ ಆದೇಶವನ್ನು ತಡೆಹಿಡಿಯಬೇಕು. ತಿಳಿದವರಿಂದ ಹಿಂಬದಿ ಬಿಚ್ಚಿಸಿ, ತಂತಿ ಸರಿಪಡಿಸಿ, ಆರಿಸಿದಾಗ ಆರುತ್ತದೆಯೆಂದು ಶಿಕ್ಷಕರ ಎದುರಿಗೇ ತೋರಿಸಿದ ಮೇಲಷ್ಟೇ ಅವನ್ನು ಬಳಕೆಗೆ ಕೊಡಬೇಕು. ‘ತೃಪ್ತಿಕರ’ ಎಂದು ಸಹಿ ಮಾಡಿದವರು ಏನನ್ನು ನೋಡಿ ತೃಪ್ತರಾದರೆಂಬುದನ್ನು ಅವರಿಂದಲೇ ಬರವಣಿಗೆಯಲ್ಲಿ ಪಡೆದು ಕ್ರಮ ಜರುಗಿಸಬೇಕು. ನನ್ನ ಅಕ್ಕನಿಗೆ ಕೊಟ್ಟ ನೋಟಿಸನ್ನು ಹಿಂಪಡೆದು, ಆಕೆಯ ತಪ್ಪಿಲ್ಲವೆಂದು ಆಕೆಯ ಕಡತದಲ್ಲಿ ದಾಖಲಿಸಬೇಕು. ಈ ಬಗ್ಗೆ ತಾವು ಕೈಗೊಂಡ ಕ್ರಮವನ್ನು ಶುಕ್ರವಾರದೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.